ಎರಡು ಹಿಡಿಸೂಡಿ

ನಮ್ಮ ಹೋಟೆಲಿನಲ್ಲಿ ಎರಡು ಹಿಡಿಸೂಡಿಗಳಿದ್ದವು. ಪೊರಕೆಗೆ ನಮ್ಮ ಕರಾವಳಿಯ ಕಡೆ ಹಾಗೆನ್ನುತ್ತೇವೆ. ಒಂದು, ಬೆಳಿಗ್ಗೆ ಬಾಗಿಲ ಮುಂದಿನ ಕಸ ಗುಡಿಸಲು. ಅದು ಹಿತ್ತಿಲ ನಲ್ಲಿಯ ಪಕ್ಕದ ಮೂಲೆಯಲ್ಲಿ ನಿಂತಿರುತ್ತಿತ್ತು. ಇನ್ನೊಂದು ದೋಸೆ ಕಾವಲಿಗೆ. ತೆಂಗಿನ ಕಡ್ಡಿಯಿಂದ ಕಟ್ಟಿದ, ಮೊಳದುದ್ದದ ಸಣ್ಣದು. ತಂದ ದಿನವೇ ಅದನ್ನು ಕುದಿನೀರಿಗೆ ಹಾಕಿ, ಒಣಗಿಸಿ, ಒಲೆಯ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆವು. ನೆಲಕ್ಕೆ ತಾಗಿದರೆ ಅದನ್ನು ಎಸೆದು ಹೊಸದು ತರಬೇಕು, ಅದು ನನ್ನ ಮಾವನವರ ಕಾಲದ ಕಟ್ಟುನಿಟ್ಟು. ಕಾದ ಕಾವಲಿಗೆ ನೀರು ಚಿಮುಕಿಸಿ ಅದರಿಂದ ಒಮ್ಮೆ ಗುಡಿಸಿದರೆ ಹಿಂದಿನ ದೋಸೆಯ ಕರಕಲು ಹೋಗಿ ಕಾವಲಿ ಹದಕ್ಕೆ ಬರುತ್ತದೆ. ಮಾವ ಹಾಗೆ ಮಾಡುತ್ತಿದ್ದರು, ನನ್ನ ಯಜಮಾನರು ಹಾಗೆ ಮಾಡಿದರು, ನಮ್ಮ ದೋಸೆ ಮಾಸ್ಟರಿಗೆ ಕಲಿಸಿಕೊಟ್ಟದ್ದೂ ಅವರೇ. ಎರಡು ಹಿಡಿಸೂಡಿ ಇದ್ದವು ಎಂಬ ಇಷ್ಟು ಸಣ್ಣ ಮಾತನ್ನು ಹೇಳಬೇಕಾದ ದಿನ ನಾನು ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ. ಇದರಿಂದ ಯಾರಿಗೂ ಉಪಯೋಗವಿಲ್ಲ ಎನ್ನುವುದು ನನಗೆ ಗೊತ್ತು.

ಹೋಟೆಲ್ ಇರುವುದು ತಮಿಳು ಸೀಮೆಯ ಪೆರಂಬೂರಿನಲ್ಲಿ, ರೈಲು ಡಬ್ಬಿ ಕಾರ್ಖಾನೆಗೆ ಹೋಗುವ ದಾರಿಯಲ್ಲಿ. ಎಂಟು ಮೇಜು, ಒಂದು ಗಲ್ಲಾ, ಗಲ್ಲಾದ ಹಿಂದೆ ನಾನು. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವಳು ಮೂವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದೇನೆ. ನನಗೆ ಬಾಯಿ ಜೋರು ಎಂದು ಗಿರಾಕಿಗಳು ಹೇಳುತ್ತಾರೆ, ನಾನೂ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡವಳು. ಊರಿನ ಹುಡುಗರು ಹೋಟೆಲ್ ಕೆಲಸಕ್ಕೆ ಬರುವುದು ನಿಂತು ಎಷ್ಟೋ ಕಾಲವಾಯಿತು. ಬರುವವರೆಲ್ಲ ಈಗ ಒಡಿಶಾ, ಅಸ್ಸಾಂ ಕಡೆಯವರು. ಮಾಸ್ಟರ್ ಹಾಗೆ ಒಡಿಶಾದಿಂದ ಬಂದವನು. ಬಂದಾಗ ಮೂವತ್ತರ ಆಸುಪಾಸು, ಪಾತ್ರೆ ತಿಕ್ಕುವ ಕೆಲಸ. ಹನ್ನೊಂದು ವರ್ಷದಲ್ಲಿ ದೋಸೆ ಕಾವಲಿಗೆ ಬಡ್ತಿ, ಮೀಸೆಯಲ್ಲಿ ನರೆ, ಹೋಟೆಲಿನ ಮೇಲಿನ ಕೋಣೆಯಲ್ಲಿ ವಾಸ.

ಅವನು ಕನ್ನಡ ಕಲಿತದ್ದು ಯಜಮಾನರ ಬಾಯಿಂದ, ಹಾಗಾಗಿ ಅಪ್ಪಟ ಕುಂದಾಪುರದ ಕನ್ನಡ, ‘ಇದೆ’ ಎನ್ನುವುದಕ್ಕೆ ‘ಇತ್ತ್’ ಎನ್ನುವಂಥದ್ದು. ಇಲ್ಲಿಯೇ ಹುಟ್ಟಿ ಓದಿದ ನಮ್ಮ ಮಗಳಿಗೆ ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಬರುತ್ತದೆ. "ನಿನ್ನಕಿಂತ ಮಾಸ್ಟರ್ ವಾಸಿ, ಕಾಣ್" ಎಂದು ನಾನು ಚುಚ್ಚಿದರೆ "ಅಪ್ಪೊ ಅವರೆಯೇ ದತ್ತು ಎಡುತ್ತುಕೊ" ಎನ್ನುತ್ತಿದ್ದಳು, ಹಾಗಾದರೆ ಅವನನ್ನೇ ದತ್ತು ತೆಗೆದುಕೋ ಎಂದು. ಮಾಸ್ಟರ್ ಹಲ್ಲು ಬಿಡುತ್ತಿದ್ದ. ಮನೆಯಲ್ಲಿ ನಗು ಇದ್ದ ಕಾಲ ಅದು.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಗೆ ನೀರಿನ ಲಾರಿ ಬರುವುದು ನಿಂತಿತು. ಮಾಸ್ಟರ್ ಅಕ್ಕಪಕ್ಕದವರ ಜೊತೆ ವಾರ್ಡ್ ಕಚೇರಿಗೆ ಹೋಗಿ ಕೇಳಿದ. ಅಲ್ಲಿ ಮೇಜಿನ ಹಿಂದಿದ್ದವನು, ನಿನಗೆ ಇಲ್ಲಿ ಓಟು ಇದೆಯಾ ಎಂದನಂತೆ. ಮಾಸ್ಟರ್ ಮರಳಿ ಬಂದವನೇ ಗಲ್ಲಾದ ಮುಂದೆ ನಿಂತ. ಮೂರು ಹೊತ್ತು ಇಲ್ಲಿ ಉಣ್ಣುತ್ತೇನೆ, ಇಲ್ಲಿಯ ನೀರು ಕುಡಿಯುತ್ತೇನೆ, ಓಟು ಮಾತ್ರ ನಾನು ವರ್ಷಕ್ಕೊಮ್ಮೆ ನೋಡುವ ಊರಿನಲ್ಲಿ ಯಾಕೆ ಎಂದ. ಮಾತು ಸರಿಯೇ ಇತ್ತು. ಮೇಲಿನ ಕೋಣೆಯ ವಿಳಾಸಕ್ಕೆ ನಾನೇ ಕಾಗದ ಬರೆದುಕೊಟ್ಟೆ, ಅವನ ಹೆಸರು ಇಲ್ಲಿಗೆ ಬಂತು. ಚುನಾವಣೆಯ ದಿನ ನಾನು, ಯಜಮಾನರು, ಮಾಸ್ಟರ್ ಮೂವರೂ ಒಟ್ಟಿಗೆ ಹೋಗಿ ಕಾರ್ಪೊರೇಷನ್ ಶಾಲೆಯ ಸಾಲಿನಲ್ಲಿ ನಿಂತೆವು. ಮಾಸ್ಟರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಹೊರಗೆ ಬಂದವನು ಕೇಳಿದ, "ಇನ್ನ್ ನಾನ್ ನೀರ್ ಕೇಳ್ಲಕ್ಕಲ್ದಾ, ಅಕ್ಕಾ?" ಕೇಳು ಮಾರಾಯ, ಯಾರು ಬೇಡ ಅಂತಾರೆ ನೋಡುವ ಎಂದಿದ್ದೆ.

ಇನ್ನು ವಿಡಿಯೋದ ವಿಷಯ. ಅದು ನನ್ನದೇ ಕಿತಾಪತಿ. ಹೋಟೆಲಿನ ಹೆಸರಿನಲ್ಲಿ ಮಗಳು ಮೊಬೈಲಿನಲ್ಲಿ ಒಂದು ಪೇಜ್ ನಡೆಸುತ್ತಿದ್ದಳು. ಬೇರೆಯವರು ಚೀಸ್ ಸುರಿಯುವ ದೋಸೆ ತೋರಿಸಿ ಮೆರೆಯುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚು. ನಾವೂ ಒಂದು ಹಾಕುವ, ನಮ್ಮ ಹೋಟೆಲಿನ ಬೆಳಗು ಹೇಗಿರುತ್ತದೆ ಎಂದು ಜನ ನೋಡಲಿ ಎಂದು ಮೊಬೈಲ್ ಹಿಡಿದು ನಿಂತವಳು ನಾನು. ಮೊದಲು ಮಾಸ್ಟರ್ ದೊಡ್ಡ ಹಿಡಿಸೂಡಿಯಿಂದ ಬಾಗಿಲ ಮುಂದೆ ಗುಡಿಸುವುದು, ನೀರು ಚಿಮುಕಿಸುವುದು. ಆಮೇಲೆ ಕೈಕಾಲು ತೊಳೆದು, ಹಣೆಗೆ ಕುಂಕುಮವಿಟ್ಟು, ಒಲೆ ಹಚ್ಚುವುದು. ಆಮೇಲೆ ಕಾವಲಿಗೆ ನೀರು, ಸಣ್ಣ ಹಿಡಿಸೂಡಿ, ಮೊದಲ ದೋಸೆ. ಹುಟ್ಟಿದಾಗಿನಿಂದ ಹೋಟೆಲಿನ ಜನವನ್ನೇ ಕಂಡ ನನಗೆ ಕಾವಲಿಯ ಮೇಲಿನ ಹಿಡಿಸೂಡಿ ದೇವರ ಮುಂದಿನ ದೀಪದಷ್ಟೇ ಸಹಜ. ಬೇರೆಯವರ ಕಣ್ಣಿಗೆ ಅದು ಹೇಗೆ ಕಾಣಬಹುದು ಎನ್ನುವುದು ಹೊಳೆಯಲೇ ಇಲ್ಲ.

ನಾಲ್ಕು ದಿನದ ಮೇಲೆ ಅದನ್ನು ಯಾರೋ ಎತ್ತಿಕೊಂಡರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕೈಕಾಲು ತೊಳೆಯುವುದನ್ನು, ಕುಂಕುಮವನ್ನು ಕತ್ತರಿಸಿ ತೆಗೆದಿದ್ದರು. ರಸ್ತೆ ಗುಡಿಸುವುದು, ಕೂಡಲೇ ಕಾವಲಿ ಗುಡಿಸುವುದು, ಎರಡನ್ನೂ ಅಂಟಿಸಿದ್ದರು. ಎರಡು ಹಿಡಿಸೂಡಿ ಒಂದಾಗಿತ್ತು. ಕೆಳಗೆ ತಮಿಳಿನಲ್ಲಿ ದಪ್ಪ ಅಕ್ಷರ: ಹೊರಗಿನಿಂದ ಬಂದವನು ನಮ್ಮ ಜನರಿಗೆ ಬೀದಿಯ ಕಸ ತಿನ್ನಿಸುತ್ತಿದ್ದಾನೆ. ಹೋಟೆಲಿನ ಬೋರ್ಡ್ ಸ್ಪಷ್ಟವಾಗಿ ಕಾಣುತ್ತಿತ್ತು, ಮಾಸ್ಟರ್ ಮುಖವೂ ಕಾಣುತ್ತಿತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಮೊದಲೂ ಇದ್ದರು. ಆದರೆ ಅಂಥವರು ಓಣಿಗೆ ಇಬ್ಬರೋ ಮೂವರೋ, ಎದುರು ಸಿಕ್ಕಾಗ ಉಗಿಯಬಹುದಿತ್ತು. ಇವರಿಗೆ ಮುಖವೇ ಇಲ್ಲ. ಯಾವ ಊರಿನವರೋ, ನಮ್ಮ ಹೋಟೆಲಿಗೆ ಎಂದೂ ಕಾಲಿಡದವರು, ವಾಂತಿ ಬರುತ್ತದೆ ಎಂದು ಬರೆದರು. ಒಬ್ಬ, ಅವನನ್ನು ಅದೇ ಕಾವಲಿಯ ಮೇಲೆ ಕೂರಿಸಿ ಎಂದ. ಇನ್ನೊಬ್ಬ, ಇವರಿಗೆಲ್ಲ ಇಲ್ಲಿ ಓಟು ಬೇರೆ ಇದೆ ಗೊತ್ತಾ ಎಂದ. ಅದಕ್ಕೆ ನೂರಾರು ಜನ ಹೌದೆಂದರು. ಮಗಳು ಓದಿ ಹೇಳುತ್ತಿದ್ದಳು, ನಾನು ಸಾಕು ಎನ್ನುತ್ತಿದ್ದೆ, ಮತ್ತೆ ನಾನೇ ಮುಂದೆ ಏನಿದೆ ಎಂದು ಕೇಳುತ್ತಿದ್ದೆ.

ಎರಡನೆಯ ದಿನ ಕಾರ್ಖಾನೆಯ ಗಿರಾಕಿಗಳು ಅರ್ಧಕ್ಕರ್ಧ ಬರಲಿಲ್ಲ. ಬಂದವರು ಕಾಫಿ ಮಾತ್ರ ಕುಡಿದರು. ಮೂರನೆಯ ದಿನ ಎದುರುಗಡೆ ಬೇವಿನ ಮರದ ಕೆಳಗೆ ಎರಡು ಬೈಕು ಬಂದು ನಿಂತವು. ಬಂದವರು ಒಳಗೆ ಬರಲಿಲ್ಲ, ಬೈಯಲೂ ಇಲ್ಲ. ಮೊಬೈಲ್ ಎತ್ತಿ ಹಿಡಿದು ಹೋಟೆಲನ್ನೇ ನೋಡುತ್ತ ಕೂತರು. ಮಧ್ಯಾಹ್ನದ ಊಟದ ಹೊತ್ತು ಮುಗಿಯುವವರೆಗೂ ಹಾಗೆಯೇ ಕೂತಿದ್ದರು. ಜಗಳಕ್ಕೆ ಬಂದವರನ್ನು ನಿಭಾಯಿಸುವುದು ನನಗೆ ಗೊತ್ತು. ಸುಮ್ಮನೆ ನೋಡುವವರನ್ನು ಏನು ಮಾಡುವುದು? ಒಬ್ಬರ ಚಿಲ್ಲರೆಯನ್ನು ಎರಡು ಸಲ ತಪ್ಪಾಗಿ ಎಣಿಸಿಕೊಟ್ಟೆ.

ಯಜಮಾನರಿಗೆ ಭಯವಿರಲಿಲ್ಲ, ಸಿಟ್ಟು ಬಂದಿತ್ತು. "ಎಂತಕ್ ಹೆದ್ರುದ್? ಎರಡೂ ಹಿಡಿಸೂಡಿ ಕೈಯಲ್ ಹಿಡ್ಕಂಡ್ ನಾನೇ ಹೇಳ್ತೆ. ಅವ ಎಂತ ಮಾಡಿದ? ನಾನ್ ಹೇಳ್ಕೊಟ್ಟದ್ ಮಾಡಿದ."

"ಅಪ್ಪಾ, ಸುಮ್ಮಾ ಇರುಂಗೊ. ಎಕ್ಸ್‌ಪ್ಲೇನ್ ಪಣ್ಣಾ ಇನ್ನುಂ ವೈರಲ್ ಆಗುಂ" ಎಂದಳು ಮಗಳು. ವಿವರಿಸಲು ಹೋದಷ್ಟೂ ಅದು ಹರಡುತ್ತದಂತೆ. ಜನಕ್ಕೆ ವಿವರ ಬೇಡ, ಒಬ್ಬ ತಪ್ಪಿತಸ್ಥ ಬೇಕು, ಅವನನ್ನು ಕೊಟ್ಟರೆ ಸಮಾಧಾನವಾಗುತ್ತಾರೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದಳು. ಹಾಗೆನ್ನುವಾಗ ಅವಳ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಜ್ವರಕ್ಕೆ ಯಾವ ಮಾತ್ರೆ ಎಂದು ಹೇಳಿದ ಹಾಗೆ ಹೇಳಿದಳು.

ಅದೇ ಸಂಜೆ ಆಟೋ ಸ್ಟ್ಯಾಂಡಿನ ಹಿರಿಯರೊಬ್ಬರು ಬಂದರು. ಅವರ ಬಗ್ಗೆ ಹೇಳಲೇಬೇಕು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನದಿ ನೀರಿನ ಗಲಾಟೆಯಾಗಿ ಕನ್ನಡದವರ ಹೋಟೆಲುಗಳಿಗೆ ಕಲ್ಲು ಬೀಳುತ್ತಿತ್ತು. ಆಗ ಈ ಮನುಷ್ಯ ಸ್ಟ್ಯಾಂಡಿನ ಐದಾರು ಜನರನ್ನು ಕರೆತಂದು ನಮ್ಮ ಬಾಗಿಲಿಗೆ ಅಡ್ಡ ಬೆಂಚು ಹಾಕಿ ಇಡೀ ದಿನ ಕೂತಿದ್ದರು. ಮೆರವಣಿಗೆ ಬಂತು, ಇವರನ್ನು ನೋಡಿತು, ಮುಂದೆ ಹೋಯಿತು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಉಣ್ಮೆಯ ಸೊಲ್ಲಿಡು ತಂಗಚ್ಚಿ, ನಾಂಗ ಇರುಕ್ಕೋಂ" ಎಂದರು. ನಿಜ ಹೇಳಿಬಿಡು, ನಾವಿದ್ದೇವೆ ಎಂದು. ನಾನು ತಲೆಯಾಡಿಸಿದೆ. ಆದರೆ ನನ್ನ ಮನಸ್ಸಿಗೆ ಬಂದದ್ದು, ಈ ಮುದುಕರು ಮೊಬೈಲಿನೊಳಗೆ ಎಲ್ಲಿ ಬೆಂಚು ಹಾಕಿ ಕೂರುತ್ತಾರೆ ಎಂದು. ಆ ಯೋಚನೆಯ ಬಗ್ಗೆ ನನಗೆ ಈಗ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಮಗಳು ಮೊಬೈಲನ್ನು ಗಲ್ಲಾದ ಮೇಲೆ ನಿಲ್ಲಿಸಿದಳು. ಹೆಂಗಸು ಹೇಳಿದರೆ ಜನ ಕರಗುತ್ತಾರೆ ಎಂದು ನನ್ನನ್ನೇ ಕೂರಿಸಿದಳು. ಅವಳು ಬರೆದುಕೊಟ್ಟದ್ದನ್ನು ನಾನು ಕೈಮುಗಿದು ಶುದ್ಧ ತಮಿಳಿನಲ್ಲಿ ಹೇಳಿದೆ. ನಮ್ಮ ಗಮನಕ್ಕೆ ಬಾರದೆ ಒಬ್ಬ ಕೆಲಸಗಾರ ತಪ್ಪು ಮಾಡಿದ್ದಾನೆ, ಅವನನ್ನು ತೆಗೆದುಹಾಕಿದ್ದೇವೆ, ದಯವಿಟ್ಟು ಕ್ಷಮಿಸಿ. ಮೂರು ವಾಕ್ಯ. ಒಂದೂ ನಿಜವಲ್ಲ. ಅಡುಗೆಮನೆಗೂ ಗಲ್ಲಾಕ್ಕೂ ನಡುವೆ ಇರುವುದು ಒಂದು ಪರದೆ ಮಾತ್ರ. ಅದರ ಹಿಂದೆ ಮಾಸ್ಟರ್ ಹಿಟ್ಟು ಕಲಸುತ್ತಿದ್ದ. ಅವನ ಕೈಯ ಸದ್ದು ನಿಂತದ್ದು ನನಗೆ ಕೇಳಿಸಿತು. ಆದರೂ ಹೇಳಿ ಮುಗಿಸಿದೆ. ಮೊದಲ ಸಲ ಕಣ್ಣೀರು ಸರಿಯಾಗಿ ಬರಲಿಲ್ಲವೆಂದು ಎರಡನೆಯ ಸಲವೂ ಹೇಳಿದೆ.

ಯಜಮಾನರು ಅಂದು ಊಟ ಮಾಡಲಿಲ್ಲ.

ಮಾಸ್ಟರ್ ಕೈ ತೊಳೆದುಕೊಂಡು ಬಂದ. "ನಾನ್ ಎಂತ ತಪ್ಪ್ ಮಾಡ್ದೆ, ಅಕ್ಕಾ? ನೆಲದ್ ಹಿಡಿಸೂಡಿ ನಾನ್ ಒಲೆ ಹತ್ರ ತಂದದ್ ಇತ್ತಾ?"

"ಇಲ್ಲ ಮಾರಾಯ. ಇದ್ ಬರೀ ಜನರ ಬಾಯಿ ಮುಚ್ಚುಕೆ. ಎರಡ್ ತಿಂಗಳ್ ಪೋರೂರಲ್ ಇರ್. ಗಲಾಟೆ ತಣ್ಣಗ್ ಆದ್ಮೇಲೆ ಬಾ. ನಿನ್ ಕೋಣಿ ನಿಂಗೇ."

ಊರಿನ ಆಚೆ ತುದಿಯ ಪೋರೂರಿನಲ್ಲಿ ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಜಮಾನರಿಗೆ ಪರಿಚಯದವರಿದ್ದರು. ಮಾಸ್ಟರ್ ಮುಖ ಎಲ್ಲರಿಗೂ ಗೊತ್ತಾಗಿಬಿಟ್ಟಿದ್ದರಿಂದ ಒಲೆಯ ಮುಂದೆ ನಿಲ್ಲಿಸಲು ಅವರೂ ಒಪ್ಪಲಿಲ್ಲ. ಹಿಂದೆ ಪಾತ್ರೆ ತಿಕ್ಕಲು ಇಟ್ಟುಕೊಂಡರು. ಹನ್ನೊಂದು ವರ್ಷದ ಹಿಂದೆ ಎಲ್ಲಿ ಶುರು ಮಾಡಿದ್ದನೋ ಮತ್ತೆ ಅಲ್ಲಿಗೆ. ಒಂದು ಬ್ಯಾಗು ಮಾತ್ರ ಒಯ್ದ. ಮಿಕ್ಕದ್ದನ್ನು ಹೇಗೂ ಬರುತ್ತೇನಲ್ಲ ಎಂದು ಕೋಣೆಯಲ್ಲೇ ಬಿಟ್ಟ.

ಸತ್ಯ ಹೇಳಬೇಕೆಂದರೆ, ಆ ಸಂಜೆ ನನಗೆ ಸಂತೋಷವಾಗಿತ್ತು. ಕ್ಷಮೆಯ ವಿಡಿಯೋಗೆ ಕೆಂಪು ಹೃದಯಗಳು ಸುರಿಯುತ್ತಿದ್ದವು. ಸೂಪರ್ ಅಕ್ಕ, ಧೈರ್ಯವಂತೆ, ತಪ್ಪು ಒಪ್ಪಿಕೊಳ್ಳುವವರು ಎಷ್ಟು ಜನ ಇದ್ದಾರೆ ಎಂದೆಲ್ಲ ಬರೆದಿದ್ದರು. ಹಿಂದಿನ ದಿನ ನನ್ನ ಹೋಟೆಲಿಗೆ ಬೀಗ ಹಾಕಿಸಿ ಎಂದವರೇ ಹಾಗೆ ಬರೆದಿದ್ದರು. ಗೊತ್ತಿದ್ದೂ ನಾನು ಮತ್ತೆ ಮತ್ತೆ ತೆಗೆದು ನೋಡಿದೆ. ಮದುವೆ ಮನೆಯಲ್ಲೂ ನನ್ನನ್ನು ಅಷ್ಟು ಜನ ಹೊಗಳಿದ್ದಿಲ್ಲ. ಗಿರಾಕಿಗಳು ಮರಳಿದರು. ಬೈಕುಗಳು ಹೋದವು.

ಒಂದು ವಾರ ಕಳೆಯಿತು. ನಮ್ಮ ರಸ್ತೆಯ ವ್ಯಾಪಾರಿಗಳದ್ದೊಂದು ವಾಟ್ಸಾಪ್ ಗುಂಪಿದೆ. ಕರೆಂಟು ಹೋದರೆ, ಚರಂಡಿ ಕಟ್ಟಿದರೆ ಅದರಲ್ಲಿ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಅದರಲ್ಲಿ ಒಂದು ಪ್ರಶ್ನೆ ಬಂತು: ನಮ್ಮ ರಸ್ತೆಯ ಅಂಗಡಿಗಳಲ್ಲಿ ಹೊರರಾಜ್ಯದ ಕೆಲಸಗಾರರು ಬೇಡ ಎನ್ನುವವರು ಒತ್ತಿ. ಬೇಕು, ಬೇಡ, ಎರಡು ಗೆರೆ. ಯಾರು ಯಾವುದನ್ನು ಒತ್ತಿದರು ಎಂದು ಎಲ್ಲರಿಗೂ ಕಾಣುತ್ತದೆ. ಶಾಲೆಯ ಬೂತಿನಲ್ಲಿ ಒಂದು ರಟ್ಟಿನ ಮರೆ ಇರುತ್ತದಲ್ಲ, ಅದು ಯಾತಕ್ಕೆ ಎಂದು ಈ ವಯಸ್ಸಿನಲ್ಲಿ ನನಗೆ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆಂಟು ಜನ ಬೇಡ ಎಂದಿದ್ದರು. ಬೇಕು ಎಂಬ ಗೆರೆ ಖಾಲಿ. ಬೇಡ ಎಂದವರಲ್ಲಿ ಅರ್ಧ ಜನರ ಅಂಗಡಿಯಲ್ಲಿ ಹೊರಗಿನವರೇ ಕೆಲಸ ಮಾಡುವುದು. ಇನ್ನೂ ಒತ್ತದೆ ಇರುವವರು ಯಾರು ಎಂದು ಯಾರೋ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನೂ ಹಾಗೆ ಬೆಚ್ಚಿ ಬೇಡ ಎಂದು ಒತ್ತಿದೆ. ಯಜಮಾನರು ಮೊಬೈಲನ್ನು ಮೇಜಿನ ಮೇಲೆ ಮಗುಚಿ ಹಾಕಿ ಒಳಗೆ ಹೋದರು. ಅವರು ಸ್ನಾನಕ್ಕೆ ಹೋದಾಗ ಅವರ ಮೊಬೈಲಿನಲ್ಲೂ ನಾನೇ ಒತ್ತಿದೆ.

ಆಮೇಲೆ ಅದೇ ಗುಂಪಿನಲ್ಲಿ ಇನ್ನೊಂದು ಬಂತು. ಮತದಾರರ ಪಟ್ಟಿಯನ್ನು ಮನೆಮನೆಗೆ ಬಂದು ತಾಳೆ ನೋಡುತ್ತಿದ್ದಾರೆ, ಅಂಗಡಿ ವಿಳಾಸದಲ್ಲಿ ಯಾರ್ಯಾರೋ ಹೆಸರು ಸೇರಿಸಿಕೊಂಡಿದ್ದಾರೆ, ಎಲ್ಲರೂ ಎಚ್ಚರವಾಗಿರಿ. ಕೆಳಗೆ ಹೆಬ್ಬೆರಳುಗಳ ಸಾಲು. ಅದನ್ನು ಓದಿ ನಾನು ಯಾರಿಗೂ ತೋರಿಸಲಿಲ್ಲ. ಮಾಸ್ಟರ್ ಹೋಗಿ ಆಗಲೇ ಮೂರು ತಿಂಗಳಾಗಿತ್ತು. ಪ್ರತಿ ಭಾನುವಾರ ಫೋನ್ ಮಾಡಿ ಯಾವಾಗ ಬರಲಿ ಎನ್ನುತ್ತಿದ್ದ, ಇನ್ನೂ ಸ್ವಲ್ಪ ದಿನ ಎಂದು ನಾನು ಪ್ರತಿ ಭಾನುವಾರ ಹೇಳುತ್ತಿದ್ದೆ. ಕಾವಲಿಯ ಮುಂದೆ ಬೇರೆಯವರು ಬಂದಿದ್ದರು. ಅವರಿಗೆ ಸ್ಟೀಲಿನ ಸಟ್ಟುಗದಿಂದ ಕೆರೆದು ಬಟ್ಟೆಯಲ್ಲಿ ಒರೆಸಲು ಹೇಳಿದ್ದೆವು. ದೋಸೆ ಕಾವಲಿಗೆ ಹಿಡಿಯುತ್ತಿತ್ತು, ಯಾರೂ ದೂರಲಿಲ್ಲ.

ಪಟ್ಟಿಯವರು ಬಂದದ್ದು ಒಂದು ಮಂಗಳವಾರ, ತಿಂಡಿಯ ಹೊತ್ತು ಕಳೆದ ಮೇಲೆ. ಯಾವುದೋ ಶಾಲೆಯ ಟೀಚರ್, ಒಬ್ಬರೇ, ಹೆಗಲಿಗೆ ಬಟ್ಟೆಯ ಚೀಲ, ಬಿಸಿಲಿಗೆ ಬೆವತಿದ್ದರು. ನೀರು ಕೊಟ್ಟೆ. ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ, ಯಜಮಾನರು ಕೊತ್ತಾಲ್ ಚಾವಡಿ ಪೇಟೆಗೆ ಬೇಳೆ ತರಲು ಹೋಗಿದ್ದರು, ಮಗಳು ಮನೆಯಲ್ಲಿದ್ದಳು. ನನ್ನ ಹೆಸರು, ಯಜಮಾನರ ಹೆಸರು, ಮಗಳ ಹೆಸರು ಓದಿ ಗುರುತು ಹಾಕಿಕೊಂಡರು. ಆಮೇಲೆ ಮಾಸ್ಟರ್ ಹೆಸರು ಓದಿದರು, ಉಚ್ಚಾರ ಬಾರದೆ ಎರಡು ಸಲ ಓದಿದರು.

"ಇವರು ಇಂಗ ಇರುಕ್ಕಾರಾ?"

ಇದ್ದಾರೆ, ಕೆಲಸದ ಮೇಲೆ ಹೋಗಿದ್ದಾರೆ, ಕೋಣೆ ಅವರದೇ, ಸಾಮಾನು ಮೇಲೆ ಇದೆ ಎಂದರೆ ಮುಗಿಯುತ್ತಿತ್ತು. ಬೇಕಿದ್ದರೆ ಮೆಟ್ಟಿಲು ಹತ್ತಿಸಿ ತೋರಿಸಬಹುದಿತ್ತು. ಅವನ ಇಸ್ತ್ರಿ ಅಂಗಿ ಅಲ್ಲೇ ಗೋಡೆಗೆ ನೇತಾಡುತ್ತಿತ್ತು. ನಾನು ರಸ್ತೆಯ ಕಡೆ ನೋಡಿದೆ. ಬೈಕು ಇರಲಿಲ್ಲ, ಮೊಬೈಲ್ ಎತ್ತಿ ಹಿಡಿದವರು ಯಾರೂ ಇರಲಿಲ್ಲ. ಆ ಬಡಪಾಯಿ ಟೀಚರಿಗೆ ನನ್ನ ಉತ್ತರ ಹೌದಾದರೂ ಇಲ್ಲವಾದರೂ ಒಂದೇ. ನನ್ನನ್ನು ಹೆದರಿಸಲು ಒಬ್ಬ ಮನುಷ್ಯನೂ ಇಲ್ಲದ ಹೊತ್ತಿನಲ್ಲಿ ನಾನು "ಇಲ್ಲೈ" ಎಂದೆ.

ಮತ್ತೆ ಬರುತ್ತಾರಾ ಎಂದು ಕೇಳಿದರು. "ಮಾಟ್ಟಾರು" ಎಂದೆ. ಬರುವುದಿಲ್ಲ.

ಅವರು ಒಂದು ಹಾಳೆ ಕೊಟ್ಟು ಸಹಿ ಹಾಕಿ ಎಂದರು. ಹಾಕಿದೆ. ಬೇರೆ ಕಡೆ ಇದ್ದರೆ ಅಲ್ಲಿ ಸೇರಿಸಿಕೊಳ್ಳಲು ಹೇಳಿ, ಈ ವಿಳಾಸದಲ್ಲಿ ತೆಗೆಯುತ್ತಾರೆ ಎಂದರು. ಹೇಳುತ್ತೇನೆ ಎಂದೆ. ಚೀಲ ಹೆಗಲಿಗೇರಿಸಿಕೊಂಡು ಹೋಗುವಾಗ, ನಿಮ್ಮ ತಮಿಳು ಚೆನ್ನಾಗಿದೆ, ಯಾವ ಊರು ನಿಮ್ಮದು ಎಂದು ಸಹಜವಾಗಿ ಕೇಳಿದರು. "ಪೆರಂಬೂರು" ಎಂದೆ. ಅವರು ನಕ್ಕರು. ಮುಂದಿನ ಸಲ ಬರುವವರು ಇಷ್ಟಕ್ಕೇ ನಕ್ಕು ಹೋಗುತ್ತಾರೆಯೇ ಎಂದು ಇಡೀ ಮಧ್ಯಾಹ್ನ ಯೋಚಿಸಿದೆ.

ಯಜಮಾನರಿಗೆ ಇನ್ನೂ ಹೇಳಿಲ್ಲ. ಮಗಳಿಗೆ ಹೇಳಿದರೆ ಏನಾಯಿತೀಗ ಎಂದಾಳು. ಅದನ್ನು ಅವಳ ಬಾಯಿಂದ ಕೇಳುವ ಧೈರ್ಯ ನನಗಿಲ್ಲ.

ಆ ವಾರವೂ ಭಾನುವಾರ ಮಾಸ್ಟರ್ ಫೋನ್ ಮಾಡಿದ. ಹಿಂದೆ ಕ್ಯಾಂಟೀನಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಯಾವಾಗ ಬರಲಿ ಎಂದು ಈ ಸಲ ಕೇಳಲಿಲ್ಲ. ಪೋರೂರಿನಲ್ಲಿ ಪಟ್ಟಿಯವರು ಬಂದಿದ್ದರಂತೆ, ಇಲ್ಲಿ ಹೆಸರು ಸೇರಿಸಲೇ ಎಂದು ಕೇಳಿದರಂತೆ. ಬೇಡ, ನನ್ನ ಹೆಸರು ಪೆರಂಬೂರಿನಲ್ಲಿದೆ, ಅಕ್ಕ ನೋಡಿಕೊಳ್ಳುತ್ತಾರೆ ಎಂದು ಕಳಿಸಿಬಿಟ್ಟನಂತೆ.

"ಅಲ್ಲಿಗೂ ಬಂದಿದ್ರಾ, ಅಕ್ಕಾ? ನನ್ ಹೆಸ್ರ್ ಇತ್ತಲ್ದಾ?"

"ಇತ್ತ್" ಎಂದೆ.